ಸಡಿಲಾದ ಗೇರ್ ಲಿವರ್: ಬುಶ್ ಸೆಟ್ಟೋ, ಲೇತೋ, ಗುಜರಿಯೋ, ಹೊಸದೋ?

ಲಾರಿಯ ಗೇರ್ ಲಿವರ್ ಸಡಿಲಾದರೆ ಹುಬ್ಬಳ್ಳಿಯಲ್ಲಿ ನಾಲ್ಕು ದಾರಿಗಳಿವೆ. ಕಂಪನಿಯ ಬುಶ್ (ಪಿನ್ ಆಡುವ ತೂತಿಗೆ ಹಾಕುವ ಬಳೆ) ಮತ್ತು ಬಾಲ್ ಜಾಯಿಂಟ್ (ಉಂಡೆ ಗೂಡಿನಲ್ಲಿ ತಿರುಗುವ ಕೀಲು) ಹಾಕಿಸಬಹುದು. ಲೇತ್‌ನಲ್ಲಿ ಗನ್‌ಮೆಟಲ್ (ಕಂಚಿನ ಜಾತಿಯ ಲೋಹ) ಬುಶ್ ಮಾಡಿಸಬಹುದು. ಗುಜರಿಯಿಂದ ಹಳೆಯ ಲಿವರ್ ಸೆಟ್ ತರಬಹುದು. ಇಲ್ಲವೇ ಇಡೀ ಸೆಟ್ ಹೊಸದನ್ನೇ ಕೊಳ್ಳಬಹುದು. ನಮ್ಮ ಎರಡು ಲಾರಿಗಳಲ್ಲಿ ಈ ನಾಲ್ಕನ್ನೂ ಮಾಡಿಸಿ ನೋಡಿದ್ದೇನೆ. ನನ್ನ ಓಟು ಮೊದಲನೆಯದಕ್ಕೆ. ಆದರೆ ಒಂದು ಜಾಗದಲ್ಲಿ ಮಾತ್ರ ಲೇತೇ ಗೆದ್ದಿದೆ, ಅದನ್ನೂ ಹೇಳುತ್ತೇನೆ.

ಎರಡೂ ಹಳೆಯ ಗಾಡಿಗಳು, ಎಂಜಿನ್ ಮೇಲೆ ಕ್ಯಾಬಿನ್ ಕೂತಿರುವಂಥವು. ಲಿವರ್ ಡ್ರೈವರ್ ಪಕ್ಕದಲ್ಲಿ, ಗೇರ್ ಬಾಕ್ಸ್ ಹಿಂದೆ ಕೆಳಗೆ. ನಡುವೆ ಉದ್ದನೆಯ ರಾಡು, ಒಂದು ಅಡ್ಡ ಶಾಫ್ಟು, ತಿರುವಿಗೊಂದು ಬಾಲ್ ಜಾಯಿಂಟು. ಒಂದೊಂದೇ ನೋಡಿದರೆ ಸವೆತ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಸೇರಿದಾಗ ತೊಂದರೆ. ಲಿವರಿನ ಮೇಲ್ಭಾಗ ಕೆಳಗಿನ ತೋಳಿಗಿಂತ ಐದು ಪಟ್ಟು ಉದ್ದ ಇದ್ದರೆ, ಕೆಳಗಿನ 2 ಮಿಲಿಮೀಟರ್ ಸಡಿಲು ಕೈಯಲ್ಲಿ 10 ಮಿಲಿಮೀಟರ್ ಆಗುತ್ತದೆ. ಆಮೇಲೆ ನ್ಯೂಟ್ರಲ್‌ನಲ್ಲಿ ಲಿವರ್ ಕುಣಿಯುತ್ತದೆ, ಒಂದನೇ ಗೇರ್ ಹುಡುಕಿದರೆ ಇನ್ಯಾವುದೋ ತಗಲುತ್ತದೆ.

ಹಣ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಗಬ್ಬೂರು ಬೈಪಾಸ್ ಕಡೆಯ ಮಿಸ್ತ್ರಿಯೊಬ್ಬರು ಹೇಳಿಕೊಟ್ಟದ್ದು. ಅದಕ್ಕೂ ಮೊದಲು ಇನ್ನೊಬ್ಬರು ಗೇರ್ ಬಾಕ್ಸನ್ನೇ ಇಳಿಸಬೇಕು ಅಂದಿದ್ದರು. ಇವರು ಗಾಡಿ ಕೆಳಗೆ ತೂರಿ, "ಸಾವಕಾರ್ರ, ಬಾಕ್ಸ್ ಇಳಸಬ್ಯಾಡ್ರಿ, ಮೊದಲ ರಾಡ್ ಬಿಚ್ಚಿ ನೋಡೂಣು" ಅಂದರು. ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಗೇರ್ ಬಾಕ್ಸ್ ಹತ್ತಿರ ರಾಡ್ ಬಿಚ್ಚಬೇಕು. ಬಾಕ್ಸ್ ಮೇಲಿನ ತೋಳನ್ನು ಕೈಯಿಂದ ಆಡಿಸಬೇಕು. ಅಲ್ಲಿ ಗೇರ್ ಟಕ್ಕಂತ ಕೂತರೆ ಒಳಗೆ ಗೇರ್ ಬದಲಿಸುವ ಭಾಗ ಬಹುತೇಕ ಸರಿ ಇದೆ, ರೋಗ ಹೊರಗಿನ ಲಿಂಕ್‌ನಲ್ಲಿದೆ. ಅಲ್ಲೂ ಮೆತ್ತಗೆ ಇದ್ದರೆ ಈ ಬರಹದ ನಾಲ್ಕು ದಾರಿಗಳೂ ಉಪಯೋಗಕ್ಕಿಲ್ಲ. ಇನ್ನು ಗೇರ್ ಹಾಕುವಾಗ ಕರಕರ ಶಬ್ದ ಬಂದರೆ ಕ್ಲಚ್ ಪೂರ್ತಿ ಬಿಡುತ್ತಿದೆಯೋ ಇಲ್ಲವೋ ನೋಡಿ. ಸುಮ್ನೆ ಲಿವರ್ ಮೇಲೆ ಹಾಕಬೇಡಿ. ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್ ಹೋಗಿದ್ದರೂ ಲಿವರ್ ಕುಣಿಯುತ್ತದೆ.

ಈಗ ಹೋಲಿಕೆಗೆ ಬರೋಣ. ನಿಜವಾದ ಪೈಪೋಟಿ ಇರುವುದು ಕಂಪನಿಯ ನೈಲಾನ್ ಬುಶ್ಶಿಗೂ ಲೇತ್‌ನ ಗನ್‌ಮೆಟಲ್ ಬುಶ್ಶಿಗೂ.

ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಲೇತ್‌ಗಳಿಗೆ ಕೊರತೆ ಇಲ್ಲ. ಹಳೆಯ ಬುಶ್ ಒಯ್ದು ಕೊಟ್ಟರೆ ಅಳತೆ ತೆಗೆದು ಗನ್‌ಮೆಟಲ್‌ನಲ್ಲಿ ಮಾಡಿಕೊಡುತ್ತಾರೆ. ಹಾಕಿದ ಹೊಸದರಲ್ಲಿ ಲಿವರ್ ಎಷ್ಟು ಗಟ್ಟಿ ಅಂದರೆ ಡ್ರೈವರ್‌ಗೆ ಖುಷಿಯೋ ಖುಷಿ. ಆದರೆ ಎಂಜಿನ್ ನಡುಕ ನೇರವಾಗಿ ಕೈಗೆ ಬರತೊಡಗಿತು. ನೈಲಾನ್ ಆ ನಡುಕ ನುಂಗುತ್ತದೆ, ಲೋಹ ನುಂಗುವುದಿಲ್ಲ. ಎರಡನೇ ತೊಂದರೆ ಧೂಳು. ನಮ್ಮ ಗಾಡಿ ಹತ್ತಿ, ಕಡಲೆ ಹೇರಲು ಅಣ್ಣಿಗೇರಿ, ನವಲಗುಂದ ಕಡೆ ಓಡುತ್ತದೆ. ಬೇಸಿಗೆಯಲ್ಲಿ ಎರೆ ಮಣ್ಣಿನ ಧೂಳು ಗ್ರೀಸಿಗೆ ಕೂತರೆ ಅದು ಉಜ್ಜುವ ಪೇಸ್ಟೇ ಆಗುತ್ತದೆ. ಗನ್‌ಮೆಟಲ್ ತಾನೂ ಸವೆಯುತ್ತದೆ, ಒಳಗಿನ ಪಿನ್ನನ್ನೂ ಸವೆಸುತ್ತದೆ. ನೈಲಾನ್ ಹಾಕಿದಾಗ ಹೋಗುವುದು ಹೆಚ್ಚಾಗಿ ಬುಶ್ ಮಾತ್ರ. ಬುಶ್ ಅಗ್ಗ, ಪಿನ್ ಸಿಗುವುದು ಕಷ್ಟ.

ಇನ್ನೊಂದು ಸೂಕ್ಷ್ಮ ಇದೆ. ಗನ್‌ಮೆಟಲ್ ಬುಶ್ ಬಿಗಿಯಾದರೆ ಲಿವರ್ ತಾನಾಗಿ ನಡುವಿಗೆ ಬರುವುದಿಲ್ಲ. ಅದನ್ನು ನ್ಯೂಟ್ರಲ್‌ನ ನಡುವಿಗೆ ತರುವ ಸ್ಪ್ರಿಂಗಿಗೆ ಅಷ್ಟು ಶಕ್ತಿ ಇರುವುದಿಲ್ಲ. ಮತ್ತೆ ಲೇತಿಗೆ ಹೋಗಿ ರೀಮರ್ ಹೊಡೆಸಿ ಬುಶ್ಶಿನ ತೂತು ಸ್ವಲ್ಪ ದೊಡ್ಡದು ಮಾಡಿಸಬೇಕು.

ಆದರೆ ಅಡ್ಡ ಶಾಫ್ಟಿನಲ್ಲಿ ಮಾತ್ರ ಗನ್‌ಮೆಟಲ್ ಭೇಷ್. ನಮ್ಮ ಗಾಡಿಯಲ್ಲಿ ಅಲ್ಲಿ ಗ್ರೀಸ್ ನಿಪ್ಪಲ್ (ಗ್ರೀಸ್ ಒತ್ತುವ ಬಾಯಿ) ಇದೆ. ಸರ್ವಿಸ್‌ಗೆ ಬಂದಾಗಲೆಲ್ಲ ಗ್ರೀಸ್ ಗನ್ ಹಿಡಿದು ಹಳೆಯ ಗ್ರೀಸ್ ಹೊರಗೆ ಬರುವವರೆಗೆ ಒತ್ತಿದರೆ ಧೂಳೂ ಅದರ ಜೊತೆ ಹೊರಬೀಳುತ್ತದೆ. ಆ ಬುಶ್ ಇವತ್ತಿಗೂ ಅಲ್ಲೇ ಇದೆ. ಗ್ರೀಸ್ ಮುಟ್ಟಿಸಲು ದಾರಿ ಇಲ್ಲದ ಜಾಗಕ್ಕೆ ಮಾತ್ರ ಬೇಡ.

ಲೇತ್‌ನವರು ಇನ್ನೊಂದು ಕೆಲಸಕ್ಕೂ ಹುರುಪು ತುಂಬುತ್ತಾರೆ: ಲಿವರಿನ ಸವೆದ ಬಾಲ್‌ಗೆ (ಗೂಡಿನಲ್ಲಿ ತಿರುಗುವ ಉಂಡೆಗೆ) ವೆಲ್ಡಿಂಗ್ ತುಂಬಿ ಮತ್ತೆ ಗುಂಡಗೆ ಮಾಡುವುದು. ಮಾಡಿಸಿ ನೋಡಿದೆ. ಕಂಪನಿಯ ಬಾಲು ಮೇಲ್ಮೈ ಗಟ್ಟಿ ಮಾಡಿ ಬಂದಿರುತ್ತದೆ, ವೆಲ್ಡಿಂಗ್ ಶಾಖಕ್ಕೆ ಆ ಗಟ್ಟಿತನ ಹೋಗುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಸಡಿಲು. ದಾರಿಯಲ್ಲಿ ಸಿಕ್ಕಿಕೊಂಡಾಗ ಊರು ಮುಟ್ಟಲು ಸರಿ, ಅಷ್ಟೇ.

ಗುಜರಿ ಸೆಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ ಹೌದು, ಆದರೆ ಬೇರೆಯವರ ಸವೆತವನ್ನು ದುಡ್ಡು ಕೊಟ್ಟು ತಂದಂತೆ. ಒಂದೇ ಮಾಡೆಲ್ ಅಂತ ನಂಬಬೇಡಿ. ಗೇರ್ ಬಾಕ್ಸ್ ಬೇರೆಯಾದರೆ ತೋಳಿನ ಉದ್ದವೂ ಬೇರೆ. ತಂದರೆ ನಿಮ್ಮ ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದೇ ತನ್ನಿ. ಮುರಿದ ಲಿವರಿಗೆ, ಹೊಸದು ಸಿಗದ ಹಳೆಯ ಗಾಡಿಗೆ ಇದು ಒಳ್ಳೆಯದು. ಬರೀ ಸಡಿಲಿಗೆ ಅಲ್ಲ.

ಹೊಸ ಸೆಟ್ ಎರಡನೇ ಗಾಡಿಗೆ ಹಾಕಿಸಿದೆವು. ಬೆಲೆ ಬುಶ್ ಸೆಟ್ಟಿನ ಹಲವು ಪಟ್ಟು. ಪೆಟ್ಟಿಗೆ ತೆರೆದರೆ ಲಿವರ್, ಅದರ ಗೂಡು, ಸ್ಪ್ರಿಂಗ್ ಇವೆ. ಉದ್ದ ರಾಡಿನ ಬಾಲ್ ಜಾಯಿಂಟ್ ಅದರಲ್ಲಿ ಇರಲಿಲ್ಲ! ಲಿವರ್ ಹೊಸದಾಯಿತು, ಕುಣಿತ ಅರ್ಧಕ್ಕರ್ಧ ಉಳಿಯಿತು. ಆಮೇಲೆ ಜಾಯಿಂಟ್ ಬೇರೆ ತಂದು ಹಾಕಿದ ಮೇಲೆ ಸರಿಹೋಯಿತು. ಹಾಗಿದ್ದರೆ ಮೊದಲೇ ಜಾಯಿಂಟ್ ಹಾಕಿದ್ದರೆ ಸಾಕಿತ್ತಲ್ವಾ? ಮೊದಲ ಗಾಡಿಗೆ ಹಾಗೇ ಮಾಡಿದೆವು. ಎಲ್ಲ ಬಾಲ್ ಜಾಯಿಂಟ್, ಎಲ್ಲ ನೈಲಾನ್ ಬುಶ್, ಧೂಳು ತಡೆಯುವ ರಬ್ಬರ್ ಬೂಟ್, ಒಂದೇ ಸಲಕ್ಕೆ. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಕೂಲಿ ಎರಡು ಸಲ ಬೀಳುತ್ತದೆ.

ಜಾಯಿಂಟ್ ಬಿಚ್ಚುವ ಮೊದಲು ರಾಡಿನ ಎಷ್ಟು ಸುತ್ತು ಥ್ರೆಡ್ ಹೊರಗೆ ಕಾಣುತ್ತಿದೆ ಎಂದು ಎಣಿಸಿಡಿ. ಹೊಸದನ್ನು ಅಷ್ಟೇ ತಿರುಗಿಸಿ, ಲಾಕ್ ನಟ್ ಬಿಗಿ ಮಾಡಿ. ರಾಡಿನ ಉದ್ದ ತಪ್ಪಿದರೆ ಒಂದು ಕಡೆ ಗೇರ್ ಪೂರ್ತಿ ಕೂರುವುದಿಲ್ಲ, ಕಚ್ಚುವ ಹಲ್ಲಿನ ಅಂಚು ಸವೆದು ಕೊನೆಗೆ ಗೇರ್ ಹೊರಗೆ ಹಾರತೊಡಗುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಲೋಡ್ ಗಾಡಿ ನ್ಯೂಟ್ರಲ್‌ಗೆ ಬಿದ್ದರೆ ಏನಾಗುತ್ತದೆ ಅಂತ ಆ ರಸ್ತೆಯ ಡ್ರೈವರುಗಳಿಗೆ ಹೇಳಬೇಕಿಲ್ಲ. ನಮ್ಮ ಡ್ರೈವರ್ ಅಂಕೋಲಾಕ್ಕೆ ಹೋಗಿ ಬಂದವನು, "ಮಾಲಕ್ರ, ಈಗ ಗೇರ್ ಕೈಗೆ ತಾನಽ ಬರತೈತ್ರಿ" ಅಂದ. ಅದಕ್ಕಿಂತ ಬೇರೆ ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ.

ರಾಡಿನ ಬದಲು ಕೇಬಲ್ ಇರುವ ಹೊಸ ಗಾಡಿಗಳ ಲೆಕ್ಕ ಬೇರೆ. ಅಲ್ಲಿ ಲೇತಿಗೆ ಕೆಲಸವೇ ಇಲ್ಲ. ಒಳಗಿನ ತಂತಿ ಬಿಗಿದುಕೊಂಡರೆ ಎಣ್ಣೆ ಬಿಟ್ಟು ಸ್ವಲ್ಪ ದಿನ ತಳ್ಳಬಹುದು, ಆಮೇಲೆ ಕೇಬಲ್ ಬದಲಿಸಲೇಬೇಕು. ಸಾಮಾನ್ಯವಾಗಿ ಎರಡಿರುತ್ತವೆ: ಒಂದು ಅಡ್ಡಕ್ಕೆ ಸಾಲು ಆರಿಸಲು, ಇನ್ನೊಂದು ಹಿಂದೆ ಮುಂದೆ ಎಳೆಯಲು. ಎರಡನ್ನೂ ಕೂಡಿಯೇ ಹಾಕಿಸಿ.