ಆಸ್ಮ್ಯಾಂಡ್ ಆ್ಯಪ್: ದೇವರಾಯನದುರ್ಗದ ಕಾಡಿನಲ್ಲಿ ಎರಡು ವರ್ಷ

ಆಸ್ಮ್ಯಾಂಡ್ ಅಂದರೆ ನಕ್ಷೆ ತೋರಿಸಿ, ನಾವು ನಡೆದ ದಾರಿಯನ್ನು ದಾಖಲಿಸುವ ಫೋನ್ ಆ್ಯಪ್. ಸಾಲಾಗಿ ಮೂರು ಭಾನುವಾರ ನಡೆದ ದಾರಿಯ ದಾಖಲೆ ಕಳೆದುಹೋದಾಗ ಇದಕ್ಕೆ ಒಂದೇ ಸ್ಟಾರ್ ಕೊಡಬೇಕು ಅಂತ ಕೂತಿದ್ದೆ. ಅವತ್ತು ಬರೆಯದೇ ಇದ್ದದ್ದು ಒಳ್ಳೆಯದಾಯಿತು.

ನಾವು ಏಳೆಂಟು ಜನ. ಅರಣ್ಯ ಇಲಾಖೆಯ ಅನುಮತಿ ತಗೊಂಡು, ಕಾಡು ಕಾಯುವ ವಾಚರ್ ಜೊತೆ ತುಮಕೂರು ಹತ್ತಿರದ ದೇವರಾಯನದುರ್ಗದ ಕಾಡಿಗೆ ಹೋಗುತ್ತೇವೆ. ಕಾಡನ್ನು ಆವರಿಸುವ ಕಳೆಗಿಡ ಲಂಟಾನ ಕೀಳುತ್ತೇವೆ, ಮಳೆಗೆ ಕೊರೆದುಹೋದ ಕಾಲುದಾರಿ ಸರಿಮಾಡುತ್ತೇವೆ. ಎಲ್ಲಿ ಏನು ಮಾಡಿದೆವು ಅಂತ ಗುರುತಿಡುವುದು ನನ್ನ ಕೆಲಸ. ಮೊದಲು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. 'ದೊಡ್ಡ ಬಂಡೆ ಪಕ್ಕ, ಮುತ್ತುಗದ ಮರದ ಕೆಳಗೆ' ಅಂತ ಬರೆದರೆ ಮುಂದಿನ ವರ್ಷ ಯಾರಿಗೆ ಸಿಗುತ್ತೆ? ಆ ಕಾಡಿನಲ್ಲಿ ಎಲ್ಲಾ ಕಡೆ ದೊಡ್ಡ ಬಂಡೆಯೇ.

ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಇಡ್ಲಿ ಬರುವಷ್ಟರಲ್ಲಿ ಹಿಂದಿನ ವಾರದ ಗುರುತುಗಳನ್ನು ಒಂದು ಸಲ ನೋಡಿಕೊಳ್ಳುತ್ತೇನೆ. ನಾಮದ ಚಿಲುಮೆ ದಾಟಿದ ಮೇಲೆ ಫೋನ್ ಏರೋಪ್ಲೇನ್ ಮೋಡ್‌ಗೆ ಹೋಗುತ್ತೆ. ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಯೋದು ತಪ್ಪುತ್ತೆ, ಜಿಪಿಎಸ್ ಮಾತ್ರ ಕೆಲಸ ಮಾಡುತ್ತಲೇ ಇರುತ್ತೆ. ಕರ್ನಾಟಕದ ನಕ್ಷೆ ಮೊದಲೇ ಫೋನ್‌ನಲ್ಲಿ ಇಳಿಸಿಕೊಂಡಿರುವುದರಿಂದ ನೆಟ್ ಬೇಡ. ಬಯಲಿನಲ್ಲಿ ಎರಡು ನಿಮಿಷ ಸುಮ್ನೆ ನಿಂತು, ನೀಲಿ ಚುಕ್ಕಿ ಅಲುಗಾಡದೆ ನಿಂತ ಮೇಲೆ ರೆಕಾರ್ಡಿಂಗ್ ಶುರು. ಆಮೇಲೆ ಫೋನ್ ಪ್ಲಾಸ್ಟಿಕ್ ಕವರ್‌ನೊಳಗೆ, ಕವರ್ ಚೀಲದೊಳಗೆ.

ತೊಂದರೆ ಆದದ್ದು ಇಲ್ಲೇ. ಮನೆಗೆ ಬಂದು ನೋಡಿದರೆ ಅರ್ಧ ದಿನದ ದಾರಿ ಒಂದೇ ನೇರ ಗೆರೆ. ವಾಚರ್‌ಗೆ ತೋರಿಸಿದೆ. "ಅಕ್ಕಾ, ಇದು ಬಂಡೆ ಹತ್ತಿ ಆ ಕಡೆಗೆ ಹಾರಿದಂಗೆ ಐತೆ. ನಾವು ಸುತ್ತಾಕ್ಕೊಂಡು ಬಂದ್ವಲ್ಲ" ಅಂದರು. ಕಲ್ಲು ಕೂರಿಸಿದ ಜಾಗ, ಮಣ್ಣು ಕುಸಿದ ತಿರುವು, ಎಲ್ಲಾ ಹೋಯಿತು. ಅಳು ಬರುವಷ್ಟು ಬೇಜಾರಾಗಿತ್ತು.

ತಪ್ಪು ಆ್ಯಪ್‌ದಲ್ಲ, ನನ್ನ ಫೋನ್‌ದು. ಸ್ಕ್ರೀನ್ ಆರಿಸಿ ಸ್ವಲ್ಪ ಹೊತ್ತಾದರೆ, ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಿಂದೆ ನಡೆಯುತ್ತಿರುವ ಆ್ಯಪ್‌ಗಳನ್ನು ಅದು ಮಲಗಿಸಿಬಿಡುತ್ತೆ. ಮತ್ತೆ ತೆರೆದಾಗ ಹಳೇ ಚುಕ್ಕಿಗೂ ಹೊಸ ಚುಕ್ಕಿಗೂ ನೇರ ಗೆರೆ ಬೀಳುತ್ತೆ. ಸೆಟ್ಟಿಂಗ್ಸ್‌ನಲ್ಲಿ ಈ ಆ್ಯಪ್‌ನ ಬ್ಯಾಟರಿ ಬಳಕೆಗೆ ನಿರ್ಬಂಧ ತೆಗೆದೆ, ಅವತ್ತಿಂದ ಗೆರೆ ಸರಿಯಾಗಿದೆ. ಒಂದು ಸಲ ಫೋನ್ ಅಪ್‌ಡೇಟ್ ಆದಾಗ ನಿರ್ಬಂಧ ತಾನಾಗಿಯೇ ವಾಪಸ್ ಬಂದಿತ್ತು. ಅದಕ್ಕೇ ಈಗ ಶನಿವಾರ ರಾತ್ರಿ ನೋಡಿಕೊಂಡೇ ಮಲಗುತ್ತೇನೆ.

ನನಗೆ ಜಾಸ್ತಿ ಇಷ್ಟವಾಗಿರೋದು ಬಣ್ಣದ ಗುರುತುಗಳು. ಕೆಂಪು ಅಂದರೆ ಲಂಟಾನ ಇನ್ನೂ ಇದೆ. ಹಳದಿ ಅಂದರೆ ಕಿತ್ತಾಗಿದೆ. ಹಸಿರು ಅಂದರೆ ಹುಲ್ಲು ವಾಪಸ್ ಬಂದಿದೆ. ಲಂಟಾನದ ಕೊಂಬೆ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತೆ. ತಾಯಿಬೇರನ್ನು ಮಣ್ಣಿನೊಳಗೆ ಎರಡು ಇಂಚು ಕೆಳಗೆ ಕಡಿದು, ಗಿಡವನ್ನು ತಲೆಕೆಳಗಾಗಿ ಇಟ್ಟು ಒಣಗಿಸಬೇಕು. ಅಷ್ಟಕ್ಕೂ ಮುಗಿಯಲ್ಲ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿರುತ್ತವೆ, ಮಳೆ ಬಿದ್ದ ಮೇಲೆ ಸಣ್ಣ ಸಸಿಗಳು ಏಳುತ್ತವೆ. ಅವನ್ನು ಕೈಯಿಂದ ಕೀಳಲು ಅದೇ ಜಾಗಕ್ಕೆ ಮತ್ತೆ ಹೋಗಬೇಕು. ಕೆಂಪು ಹಳದಿಯಾಗೋಕೆ ಒಂದು ಭಾನುವಾರ ಸಾಕು, ಹಳದಿ ಹಸಿರಾಗೋಕೆ ನಾವು ಎರಡು ಮಳೆಗಾಲ ಕಾಯುತ್ತೇವೆ. ಗುರುತಿನ ಜೊತೆ ತಾರೀಖು, ಎರಡು ಸಾಲು ವಿವರ ಬರೆಯಬಹುದು. ಬಂಡೆ ಮಗ್ಗುಲಲ್ಲಿ ಜಿಪಿಎಸ್ ಹತ್ತು ಹದಿನೈದು ಮೀಟರ್ ಆಚೀಚೆ ತೋರಿಸುತ್ತೆ, ಹಾಗಾಗಿ ಹತ್ತಿರದ ಮರದ ಹೆಸರು ಬರೆದರೆ ಒಳ್ಳೆಯದು.

ದುಡ್ಡು ಕೊಟ್ಟರೆ ನಕ್ಷೆಯಲ್ಲಿ ನೆಲದ ಏರಿಳಿತ ತೋರಿಸುವ ಗೆರೆಗಳೂ ಸಿಗುತ್ತವೆ. ನಾನು ಕೊಟ್ಟಿಲ್ಲ, ಆ ದುಡ್ಡಿಗೆ ಗ್ಲೌಸ್ ಬರುತ್ತೆ. ನೀರು ಯಾವ ಕಡೆ ಹರಿಯುತ್ತೆ ಅಂತ ಜೋರು ಮಳೆಯಲ್ಲಿ ದಾರಿ ಮೇಲೆ ನಿಂತರೆ ಗೊತ್ತಾಗುತ್ತೆ. ನೀರನ್ನು ಪಕ್ಕಕ್ಕೆ ತಿರುಗಿಸೋಕೆ ಅಲ್ಲಿಗೇ ಓರೆಯಾಗಿ ಕಲ್ಲು ಸಾಲು ಕೂರಿಸುತ್ತೇವೆ.

ಒಂದು ವಿಷಯದಲ್ಲಿ ಹುಷಾರಾಗಿರಿ. ಈ ಆ್ಯಪ್‌ನ ನಕ್ಷೆ ಬರೋದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ. ಅದು 2004ರಲ್ಲಿ ಶುರುವಾದದ್ದು, ಯಾರು ಬೇಕಾದರೂ ತಿದ್ದಬಹುದು. ನಮ್ಮ ಬಣ್ಣದ ಗುರುತುಗಳು ನಾವಾಗಿ ಹಂಚುವ ತನಕ ನಮ್ಮ ಹತ್ತಿರವೇ ಇರುತ್ತವೆ. ಆದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸಿದ್ದು ಎಲ್ಲರಿಗೂ ಕಾಣುತ್ತೆ. ದುರ್ಗದಲ್ಲಿ ಕರಡಿ, ಚಿರತೆ ಇವೆ. ಹಳದಿ ಕತ್ತಿನ ಪಿಕಳಾರವೂ ಇದೆ, ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ ಅದು. ಗವಿಗಳ ಜಾಗ, ಒಳಗಿನ ಕಾಲುದಾರಿ ಏರಿಸಬೇಡಿ. ನಾವು ಮುಳ್ಳು ಹಾಕಿ ಮುಚ್ಚಿದ ಅಡ್ಡದಾರಿಯನ್ನು ಯಾರೋ ನಕ್ಷೆ ನೋಡಿಕೊಂಡು ಬಂದು ಮತ್ತೆ ತುಳಿದರೆ, ಮಣ್ಣು ಮತ್ತೆ ಕೊಚ್ಚಿಹೋಗುತ್ತೆ ಅಲ್ವಾ?

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಮೆನು ಸ್ವಲ್ಪ ಗೋಜಲು, ಹೊಸಬರಿಗೆ ಎರಡು ವಾರ ಬೇಕು. ನಮ್ಮ ನಕ್ಷೆಯಲ್ಲಿ ಇವತ್ತಿಗೆ ಹಸಿರು ಒಂಬತ್ತು. ಮೊದಲ ಹಸಿರು ಗುರುತಿನ ಹತ್ತಿರ ಬಾದೆ ಹುಲ್ಲಿನ ನಡುವೆ ಒಂದು ಕಕ್ಕೆ ಸಸಿ ತಾನಾಗಿ ಎದ್ದಿದೆ. ಅದಕ್ಕೆ ಬೇರೆಯದೇ ಗುರುತು ಇಟ್ಟಿದ್ದೇನೆ.