ಪೇಸ್‌ಮೇಕರ್ ಬದಲಿಸುವಾಗ ಹಾಕುವ ಆಂಟಿಬಯೋಟಿಕ್ ಚೀಲ: ಯಾರಿಗೆ ಬೇಕು, ಎಷ್ಟು ಕಾಪಾಡುತ್ತದೆ?

ಬ್ಯಾಟರಿ ಮುಗಿದ ಪೇಸ್‌ಮೇಕರ್ ತೆಗೆದು ಹೊಸದು ಕೂರಿಸುವುದು ಸಣ್ಣ ಆಪರೇಷನ್ ಎನ್ನುತ್ತಾರೆ. ನಿಜ, ಲೀಡ್‌ಗಳನ್ನು, ಅಂದರೆ ಸಾಧನದಿಂದ ಹೃದಯಕ್ಕೆ ಹೋಗುವ ತಂತಿಗಳನ್ನು, ಹೊಸದಾಗಿ ಹಾಕುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಸೋಂಕಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ಮೊದಲ ಸಲ ಹಾಕಿಸಿಕೊಂಡವರಿಗಿಂತ ಬದಲಿಸಿಕೊಂಡವರಿಗೇ ಅಪಾಯ ಹೆಚ್ಚು. ವರ್ಷಗಟ್ಟಲೆ ಸಾಧನ ಕೂತಿದ್ದ ಪಾಕೆಟ್ (ಚರ್ಮದಡಿಯ ಗೂಡು) ಸುತ್ತ ಗಟ್ಟಿ ಪೊರೆ ಬೆಳೆದಿರುತ್ತದೆ. ಅದರಲ್ಲಿ ರಕ್ತದ ಓಡಾಟ ಕಡಿಮೆ. ಹಾಗಾಗಿ ಒಳಹೊಕ್ಕ ಬ್ಯಾಕ್ಟೀರಿಯಾ ಇರುವ ಕಡೆಗೆ ನುಂಗಿದ ಮಾತ್ರೆಯ ಔಷಧಿ ಸಾಕಷ್ಟು ತಲುಪುವುದಿಲ್ಲ.

ಆ ಜಾಗಕ್ಕೆಂದೇ ಬಂದಿರುವ ಆಂಟಿಬಯೋಟಿಕ್ ಚೀಲ ಮೆಡ್‌ಟ್ರಾನಿಕ್ ಕಂಪನಿಯ ಟೈರೆಕ್ಸ್. ನೋಡಲು ಸೊಳ್ಳೆಪರದೆ ಬಟ್ಟೆಯಲ್ಲಿ ಹೊಲಿದ ಪುಟ್ಟ ಜೇಬು. ಪೇಸ್‌ಮೇಕರನ್ನು ಅದರೊಳಗೆ ಇಳಿಸಿ, ಲೀಡ್‌ಗಳು ಬಾಯಿಯಿಂದ ಹೊರಬರುವಂತೆ ಮಾಡಿ, ಇಡೀ ಗಂಟನ್ನು ಚರ್ಮದಡಿ ಇಡುತ್ತಾರೆ. ಬಲೆಗೆ ಲೇಪಿಸಿದ ಮಿನೋಸೈಕ್ಲಿನ್, ರಿಫಾಂಪಿನ್ ಎಂಬ ಎರಡು ಆಂಟಿಬಯೋಟಿಕ್‌ಗಳು ಕನಿಷ್ಠ 7 ದಿನ ಅಲ್ಲೇ ಒಸರುತ್ತವೆ. ಸುಮಾರು 9 ವಾರದಲ್ಲಿ ಬಲೆ ಕರಗಿಹೋಗುತ್ತದೆ, ತೆಗೆಸಬೇಕಾಗಿಲ್ಲ.

2019ರಲ್ಲಿ ಪ್ರಕಟವಾದ ರ‍್ಯಾಪ್-ಇಟ್ ಪ್ರಯೋಗದಲ್ಲಿ ಸುಮಾರು 7,000 ರೋಗಿಗಳಿದ್ದರು. ಒಂದು ವರ್ಷದಲ್ಲಿ ದೊಡ್ಡ ಸೋಂಕು ಚೀಲ ಹಾಕಿದವರಲ್ಲಿ ಶೇ 0.7, ಹಾಕದವರಲ್ಲಿ ಶೇ 1.2. ಅಂದರೆ ಸರಿಸುಮಾರು 200 ಜನರಿಗೆ ಹಾಕಿದರೆ ಒಬ್ಬರ ಸೋಂಕು ತಪ್ಪುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಆ ಒಬ್ಬರ ಪಾಡು ಏನೆಂದು ತಿಳಿದವರಿಗೆ ಕಡಿಮೆ ಅನ್ನಿಸುವುದಿಲ್ಲ. ಪಾಕೆಟ್ ಸೋಂಕು ಖಚಿತವಾದರೆ ಪೇಸ್‌ಮೇಕರ್ ಜೊತೆಗೆ ಹಳೇ ಲೀಡ್‌ಗಳನ್ನೂ ಕಿತ್ತು ತೆಗೆಯಬೇಕು. ಅವು ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಬಿಡಿಸುವಾಗ ನಾಳವೋ ಹೃದಯವೋ ಹರಿಯುವ ಅಪಾಯವಿದೆ.

ಚೀಲದ ಮಿತಿಯನ್ನೂ ಹೇಳಲೇಬೇಕು. ಅದೇ ಪ್ರಯೋಗದಲ್ಲಿ ಇಳಿದದ್ದು ಮುಖ್ಯವಾಗಿ ಪಾಕೆಟ್ ಸೋಂಕು; ರಕ್ತಕ್ಕೆ ಸೋಂಕು ಹಬ್ಬುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್‌ಗೆ ಮುಂಚಿನ ಒಂದು ಗಂಟೆಯೊಳಗೆ ಕೊಡುವ ಸೆಫಾಜೊಲಿನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್‌ಗೆ ಇದು ಬದಲಿಯೂ ಅಲ್ಲ. ಪಾಕೆಟ್‌ನಲ್ಲಿ ರಕ್ತ ತುಂಬಿ ಊದಿಕೊಳ್ಳುವುದನ್ನು ಚೀಲ ತಡೆಯುವುದಿಲ್ಲ. ದೊಡ್ಡ ಊತ ಬಂದವರಲ್ಲಿ ವರ್ಷದೊಳಗೆ ಗಂಭೀರ ಸೋಂಕಿನ ಅಪಾಯ 7 ಪಟ್ಟಿಗೂ ಹೆಚ್ಚು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಿ ನಡುವೆ ಅಂಥದೇ ಕೆಲಸದ ಹೆಪಾರಿನ್ ಚುಚ್ಚಿಸಿಕೊಂಡರೆ ಊತ ಹೆಚ್ಚುತ್ತದೆ ಎಂದು 2013ರ ಬ್ರೂಯಿಸ್ ಕಂಟ್ರೋಲ್ ಪ್ರಯೋಗ ತೋರಿಸಿದೆ: ಹೆಪಾರಿನ್ ಪಡೆದವರಲ್ಲಿ ಶೇ 16, ವಾರ್ಫರಿನ್ ಮುಂದುವರಿಸಿದವರಲ್ಲಿ ಶೇ 3.5. ಚೀಲ ಬೇಕೇ ಎಂದು ಕೇಳುವ ಮೊದಲೇ ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಕೇಳಿ. ಊತ ಬಂದರೆ ಸೂಜಿ ಹಾಕಿ ರಕ್ತ ಎಳೆಸುವುದು ಬೇಡ; ಆ ಸೂಜಿಯೇ ಕ್ರಿಮಿಯನ್ನು ಒಳಗೆ ಒಯ್ಯುತ್ತದೆ.

ಮನೆಯಲ್ಲಿ ಗಮನಿಸಬೇಕಾದದ್ದು: ಹೊಲಿಗೆಯೊಂದರ ತುದಿಯಲ್ಲಿ ಮಾತ್ರ ಪುಟ್ಟ ಕೀವುಗುಳ್ಳೆ ಎದ್ದರೆ 7ರಿಂದ 10 ದಿನದ ಮಾತ್ರೆಯಲ್ಲಿ ಹೋಗಬಹುದು, ಅದನ್ನೂ ವೈದ್ಯರೇ ನೋಡಿ ಹೇಳಬೇಕು. ಇಳಿದಿದ್ದ ಊತ ಮತ್ತೆ ಎದ್ದರೆ, ಚರ್ಮ ಕೆಂಪಾಗಿ ಬಿಸಿಯಾದರೆ, ತೆಳುವಾಗಿ ಹೊಳೆಯುತ್ತ ಸಾಧನಕ್ಕೆ ಅಂಟಿಕೊಂಡರೆ ಅದು ಒಳಗಿನ ತೊಂದರೆ. ತಿಂಗಳುಗಳ ನಂತರ ಕಾರಣವಿಲ್ಲದೆ ಚಳಿಜ್ವರ ಬಂದರೂ ಹಾಗೆಯೇ ಎಣಿಸಿ. ಹತ್ತಿರದ ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್ ಬರೆಸಿಕೊಂಡು ನುಂಗಬೇಡಿ. ಮೊದಲು ಕನಿಷ್ಠ ಎರಡು ಸಲ ರಕ್ತದ ಕಲ್ಚರ್ (ರಕ್ತದಲ್ಲಿ ಯಾವ ಕ್ರಿಮಿ ಇದೆ ಎಂದು ಬೆಳೆಸಿ ನೋಡುವ ಪರೀಕ್ಷೆ) ತೆಗೆಯಬೇಕು. ಮಾತ್ರೆ ಒಳಹೋದ ಮೇಲೆ ಕ್ರಿಮಿ ಸಿಗದೆ ಹೋಗಬಹುದು, ಆಗ ಯಾವ ಔಷಧಿ ಎಂದು ನಿರ್ಧರಿಸುವುದೇ ಕಷ್ಟ.

ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಅದು ಬೇರೆ ಕಥೆ. ಲೀಡ್‌ನ ತುದಿ ಹೊಸ ಸಾಧನದೊಳಗೆ ಪೂರ್ತಿ ಕೂರದಿದ್ದರೆ ಅಥವಾ ಅದರ ಸ್ಕ್ರೂ ಸಡಿಲವಿದ್ದರೆ ಹೀಗಾಗುತ್ತದೆ. ಸಾಧನದ ತಪಾಸಣೆಯಲ್ಲಿ ಲೀಡ್ ಇಂಪಿಡೆನ್ಸ್ (ವಿದ್ಯುತ್ತಿಗೆ ಆಗುವ ತಡೆ) ಏರಿದ್ದು ಗೊತ್ತಾಗುತ್ತದೆ, ಅದೇ ದಿನ ಹೋಗಿ ತೋರಿಸಿ.

ನಮ್ಮ ಅಭಿಪ್ರಾಯ: ಪೇಸ್‌ಮೇಕರ್ ಬದಲಿಸುವುದರ ಜೊತೆ ಮಧುಮೇಹವೋ ಕಿಡ್ನಿ ತೊಂದರೆಯೋ ಇದ್ದರೆ, ಲೀಡ್ ಸೇರಿಸುವುದಿದ್ದರೆ, ಅದೇ ಪಾಕೆಟ್ ಮುಂಚೆ ಬಿಚ್ಚಿದ್ದರೆ ಈ ಚೀಲ ಕೇಳಿ ಪಡೆಯಿರಿ. ಟೆಟ್ರಾಸೈಕ್ಲಿನ್ (ಮಿನೋಸೈಕ್ಲಿನ್ ಸೇರಿದ ಔಷಧಿ ಗುಂಪು) ಅಥವಾ ರಿಫಾಂಪಿನ್ ಅಲರ್ಜಿ ಇದ್ದವರಿಗೆ, ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ) ಇದ್ದವರಿಗೆ ಇದು ಸಲ್ಲದು. ಆಪರೇಷನ್ ಒಪ್ಪಿಗೆಗೆ ಸಹಿ ಹಾಕುವಾಗಲೇ ಅದನ್ನು ಬಾಯಿಬಿಟ್ಟು ಹೇಳಿ.