ಬ್ರಾಹ್ಮಿ ಟಿಶ್ಯೂ ಕಲ್ಚರ್ ಸಸಿ, ಬೈಬ್ಯಾಕ್ ಅಗ್ರಿಮೆಂಟ್: ಸಹಿ ಹಾಕುವ ಮೊದಲು ಓದಿ

ಮೊನ್ನೆ ಚಳ್ಳಕೆರೆ ಕಡೆಯ ಪರಿಚಯದವರೊಬ್ಬರು ಫೋನ್ ಮಾಡಿ, ಔಷಧಿ ಗಿಡ ಬೆಳೆಯೋಕೆ ಒಂದು ಕಂಪನಿ ಜೊತೆ ಅಗ್ರಿಮೆಂಟ್ ಮಾಡಿಕೊಳ್ಳುತ್ತಿದ್ದೇನೆ ಅಂದರು. ವಿವರ ಕೇಳಿ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ನನಗೆ ಹೇಳಿದ ಮಾತುಗಳೇ ಎಲ್ಲಾ.

ನಮ್ಮದು ಹಿರಿಯೂರು ಹತ್ತಿರ. ಒಂದು ಕಂಪನಿಯವರು, ನೀರುಬ್ರಾಹ್ಮಿ ಬೆಳೆಯಿರಿ, ಮಣ್ಣು ಬೇಡ, ಪೈಪಿನಲ್ಲಿ ಗೊಬ್ಬರದ ನೀರು ಹರಿಸಿದರೆ ಸಾಕು, ಒಣಗಿಸಿದ ಸೊಪ್ಪು ನಾವೇ ಕೊಳ್ಳುತ್ತೇವೆ ಅಂದರು. ಕ್ಯಾನ್ಸರ್ ಔಷಧಿಯನ್ನೂ ಈಗ ಹೀಗೇ ತೆಗೆಯುತ್ತಾರೆ ಅಂದರು. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಕ್ಯಾನ್ಸರ್ ಔಷಧಿ ಗಿಡದ ಜೀವಕೋಶಗಳಿಂದ ತಯಾರಾಗುವುದು ನಿಜ. ಆದರೆ ಅದು ಕಾರ್ಖಾನೆಯ ಟ್ಯಾಂಕಿನಲ್ಲಿ ಕೋಶಗಳನ್ನೇ ಬೆಳೆಸಿ ಮಾಡುವ ಕೆಲಸ. ನೆರಳಿಗೆ ಬಲೆ ಕಟ್ಟಿದ ನಮ್ಮ ಶೇಡ್ ನೆಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಆಗ ನನಗೆ ಗೊತ್ತಿರಲಿಲ್ಲ.

ಕೊಟ್ಟಿದ್ದು ಟಿಶ್ಯೂ ಕಲ್ಚರ್ ಸಸಿ, ಅಂದರೆ ಗಿಡದ ತುಣುಕಿನಿಂದ ಲ್ಯಾಬ್‌ನ ಬಾಟಲಿಯಲ್ಲಿ ಬೆಳೆಸಿದ್ದು. ಸಸಿಗೆ 22 ರೂಪಾಯಿ, 4,000 ಸಸಿ. ಹಾರ್ಡನಿಂಗ್ ಆಗಿದೆ, ಅಂದರೆ ಹೊರಗಿನ ಗಾಳಿಗೆ ಒಗ್ಗಿಸಿದ್ದೇವೆ ಅಂದಿದ್ದರು, ಬಾಕ್ಸ್ ತೆಗೆದರೆ ಬೇರಿಗೆ ಇನ್ನೂ ಬಾಟಲಿಯ ಜೆಲ್ಲಿ ಅಂಟಿಕೊಂಡಿತ್ತು. ಬಾಟಲಿಯ ತೇವದಲ್ಲಿ ಬೆಳೆದ ಎಲೆಗೆ ಮೇಣದ ಪದರ ಸರಿಯಾಗಿ ಕೂತಿರುವುದಿಲ್ಲ, ಕೆಲವು ವಾರ ನೆರಳಲ್ಲಿಟ್ಟು ನಿಧಾನವಾಗಿ ಹೊರಗಿನ ಗಾಳಿಗೆ ಒಗ್ಗಿಸಬೇಕು. ನಮ್ಮೂರ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಬಾಡಿ ಮಲಗಿದವು. ಅರ್ಧಕ್ಕಿಂತ ಜಾಸ್ತಿ ಹೋದವು. ಅದೇ ವಾರ ಅಮ್ಮ ಕಾಲುವೆ ಅಂಚಿನಿಂದ ಬ್ರಾಹ್ಮಿಯ ಒಂದು ಬಳ್ಳಿ ಕಿತ್ತು ತಂದು ಹಳೇ ಬಕೆಟ್‌ನಲ್ಲಿ ಊರಿದರು. ಹತ್ತು ದಿನಕ್ಕೆ ಗೆಣ್ಣುಗೆಣ್ಣಿಗೂ ಬಿಳಿ ಬೇರು! ಕಡ್ಡಿ ಊರಿದರೆ ಬರುವ ಗಿಡಕ್ಕೆ ನಾನು 88,000 ಕೊಟ್ಟಿದ್ದೆ.

ಬೋರ್ ನೀರು ಇನ್ನೊಂದು ಕಥೆ. ನಮ್ಮ ಕಡೆ ನೀರು ಗಡಸು, ಉಪ್ಪು ಮೊದಲೇ ಇರುತ್ತದೆ, ಅದರ ಮೇಲೆ ಗೊಬ್ಬರ ಬೆರೆಸಿದರೆ ಎಲೆ ಅಂಚು ಸುಡುತ್ತದೆ. ಆರ್‌ಒ ಹಾಕಿಸಬೇಕಾಯಿತು. ಕರೆಂಟ್ ಹೋದರೆ ಮೋಟಾರ್ ನಿಂತು ಪೈಪಿನಲ್ಲಿ ಬೇರು ಒಣಗುತ್ತದೆ ಅಂತ ರಾತ್ರಿ ಎದ್ದೆದ್ದು ನೋಡುತ್ತಿದ್ದೆವು.

ಇಷ್ಟಾದರೂ ಉಳಿದ ಗಿಡ ಹಬ್ಬಿದವು, ಸೊಪ್ಪು ಕಣ್ಣು ತುಂಬುವಂತಿತ್ತು. ಒಣಗಿಸಿ ಕಳಿಸಿದೆವು. ಬ್ಯಾಕೊಸೈಡ್ ಅಂದರೆ ಬ್ರಾಹ್ಮಿಯಲ್ಲಿರುವ ಔಷಧಿ ಅಂಶ, ಅದು ಕಮ್ಮಿ ಬಂದಿದೆ, ತಗೊಳ್ಳಲ್ಲ ಅಂದರು ಕಂಪನಿಯವರು. ಅಗ್ರಿಮೆಂಟಿನ ಆರನೇ ಪುಟದಲ್ಲಿ 'ಕಂಪನಿಯ ಪರೀಕ್ಷೆಯೇ ಅಂತಿಮ' ಅಂತ ಇತ್ತು. ಅವರು ಕೊಳ್ಳುವುದು ಸೊಪ್ಪಿನ ತೂಕವನ್ನಲ್ಲ, ಅದರೊಳಗಿನ ಅಂಶವನ್ನು. ಅದು ತಳಿ, ಗಿಡದ ವಯಸ್ಸು, ಬೆಳಕು, ಒಣಗಿಸಿದ ರೀತಿ ಎಲ್ಲದರ ಮೇಲೆ ನಿಂತಿರುತ್ತದೆ. ನನ್ನ ಹತ್ತಿರ ಒಂದು ಹಿಡಿ ಸ್ಯಾಂಪಲ್ಲೂ ಉಳಿದಿರಲಿಲ್ಲ. ಬೇರೆ ಲ್ಯಾಬ್‌ಗೆ ಏನು ಕಳಿಸಲಿ?

ಹಾಗಾಗಿ ದಯವಿಟ್ಟು, ಎಷ್ಟು ಅಂಶ ಇರಬೇಕು, ಯಾವ ಲ್ಯಾಬ್‌ನಲ್ಲಿ ಪರೀಕ್ಷೆ, ಕಮ್ಮಿ ಬಂದರೆ ಯಾವ ರೇಟು, ಇದೆಲ್ಲ ಬರಹದಲ್ಲಿ ಇಲ್ಲದೆ ಅಡ್ವಾನ್ಸ್ ಕೊಡಬೇಡಿ. ಪ್ರತಿ ಲೋಡಿನಿಂದಲೂ ಇಬ್ಬರ ಸಹಿ ಹಾಕಿ ಸೀಲ್ ಮಾಡಿದ ಒಂದು ಪೊಟ್ಟಣ ನಿಮ್ಮ ಹತ್ತಿರ ಇರಲಿ. ಸಸಿ ಕೊಡುವ ಲ್ಯಾಬ್‌ಗೆ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಮಾನ್ಯತೆ ಇದೆಯಾ ಕೇಳಿ, ಆ ವ್ಯವಸ್ಥೆ 2006ರಿಂದಲೇ ಇದೆ. ಆದರೆ ಸರ್ಟಿಫಿಕೇಟ್ ಹೇಳುವುದು ಸಸಿಗೆ ವೈರಸ್ ಇಲ್ಲ, ತಾಯಿ ಗಿಡದ ಹಾಗೇ ಇದೆ ಅಂತ ಮಾತ್ರ. ಔಷಧಿ ಅಂಶದ ಬಗ್ಗೆ ಅದು ಏನೂ ಹೇಳಲ್ಲ.

ಚಳ್ಳಕೆರೆಯವರು ಇನ್ನೂ ದುಡ್ಡು ಕಟ್ಟಿಲ್ಲ. ಭಾನುವಾರ ಅಗ್ರಿಮೆಂಟ್ ತಗೊಂಡು ಮನೆಗೆ ಬರುತ್ತಾರೆ, ಆರನೇ ಪುಟದಿಂದಲೇ ಓದಲು ಶುರು ಮಾಡುತ್ತೇವೆ.